ಬದುಕಿದ ಸಸಿಯ ಲೆಕ್ಕ

1977ರ ಜೂನ್ 5ರಂದು, ವಿಶ್ವ ಪರಿಸರ ದಿನ, ನೈರೋಬಿಯ ಕಮುಕುಂಜಿ ಮೈದಾನದಲ್ಲಿ ಏಳು ಸಸಿ ನೆಡಲಾಯಿತು. ಕೀನ್ಯಾದ ರಾಷ್ಟ್ರೀಯ ಮಹಿಳಾ ಮಂಡಳಿಯ ಆಶ್ರಯದಲ್ಲಿ ಅಂದು ಹುಟ್ಟಿದ್ದೇ ಗ್ರೀನ್ ಬೆಲ್ಟ್ ಚಳವಳಿ. ಅದನ್ನು ಕಟ್ಟಿದ ವಂಗಾರಿ ಮಾಥಾಯಿ ಅರಣ್ಯಾಧಿಕಾರಿಯಲ್ಲ. ಪಶುವೈದ್ಯ ವಿಭಾಗದಲ್ಲಿ ಅಂಗರಚನೆ ಕಲಿಸುತ್ತಿದ್ದ ಅಧ್ಯಾಪಕಿ.

ಸೌದೆಗೆ ಮೈಲಿಗಟ್ಟಲೆ ನಡೆಯಬೇಕು, ನೀರು ಸಿಗುತ್ತಿಲ್ಲ, ಮಕ್ಕಳು ಸೊರಗುತ್ತಿದ್ದಾರೆ ಎಂದು ಹಳ್ಳಿಯ ಹೆಂಗಸರು ಅವರ ಬಳಿ ಹೇಳಿಕೊಂಡಿದ್ದರು. ಕಾರಣವನ್ನು ಮಾಥಾಯಿ ತಮ್ಮ ಊರಿನಲ್ಲೇ ಕಂಡಿದ್ದರು. ನ್ಯೇರಿ ಸೀಮೆಯ ಇಹಿತೆಯಲ್ಲಿ ಅವರ ಮನೆಯ ಹತ್ತಿರ ಮುಗುಮೊ ಎಂಬ ಮರವಿತ್ತು, ನಮ್ಮ ಆಲ, ಅತ್ತಿಗಳ ಕುಲದ್ದೇ. ಅದು ದೇವರ ಮರ, ಅದರ ಪುರಲೆಯನ್ನೂ ಆರಿಸಬಾರದು ಎಂದು ತಾಯಿ ಹೇಳಿದ್ದರು. ಅಮೆರಿಕದಲ್ಲಿ ಓದು ಮುಗಿಸಿ ಮರಳಿದ ಮೇಲೆ ನೋಡಿದರೆ ಆ ಮರವನ್ನು ಕಡಿದು ಚಹಾ ಬೆಳೆಸಿದ್ದರು. ಪಕ್ಕದ ತೊರೆಯೂ ಬತ್ತಿತ್ತು. ವಸಾಹತು ಕಾಲದಿಂದ ನಾಡಿನ ಕಾಡು ಸವರಿ ನೀಲಗಿರಿ, ಪೈನ್ ತೋಪುಗಳನ್ನು ಎಬ್ಬಿಸಿದ್ದರ ಫಲವನ್ನು ಊರೂರೂ ಉಣ್ಣುತ್ತಿತ್ತು.

ಸಸಿ ಬೆಳೆಸುವುದು ಡಿಪ್ಲೊಮಾ ಪಡೆದವರ ಕೆಲಸ ಎಂಬುದು ಅರಣ್ಯ ಇಲಾಖೆಯವರ ನಿಲುವು. ಹೆಂಗಸರು ತಮಗೆ ತಿಳಿದ ದಾರಿಯನ್ನೇ ಹಿಡಿದರು: ಸುತ್ತಲಿನ ಮರಗಳ ಬೀಜ ಆಯ್ದರು, ಒಡೆದ ಮಡಕೆಗಳಲ್ಲಿ ಬಿತ್ತಿದರು, ಕೋಳಿ, ಆಡುಗಳಿಗೆ ಎಟುಕದಂತೆ ಎತ್ತರದಲ್ಲಿಟ್ಟರು. ನೆಟ್ಟ ಸಸಿ ಬದುಕಿದರೆ ಮಾತ್ರ ಒಂದೊಂದಕ್ಕೆ ಸುಮಾರು 4 ಅಮೆರಿಕನ್ ಸೆಂಟ್ ಸಿಗುತ್ತಿತ್ತು. ಚಳವಳಿಯ ಜೀವಾಳ ಈ ಕರಾರಿನಲ್ಲೇ ಇದೆ ಎಂದು ನಾನು ನಂಬಿದ್ದೇನೆ. ವನಮಹೋತ್ಸವದ ಗುಂಡಿಯಲ್ಲೇ ಒಣಗಿದ ಸಸಿಗಳನ್ನು ಕಂಡ ನಮಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ನೆಟ್ಟವಳಿಗೇ ಕೂಲಿ, ನೆಟ್ಟವಳದೇ ಕಾವಲು. ಹೀಗೆ ಬೆಳೆದ ಮರಗಳು 5 ಕೋಟಿ ದಾಟಿವೆ ಎಂಬುದು ಚಳವಳಿಯ ಲೆಕ್ಕ.

ಮರ ಉಳಿಸಲು ಹೊರಟವರಿಗೆ ಅಧಿಕಾರದೊಡನೆ ಜಗಳ ತಪ್ಪಲಿಲ್ಲ. 1989ರಲ್ಲಿ ನೈರೋಬಿಯ ಉಹುರು ಪಾರ್ಕಿನಲ್ಲಿ 60 ಅಂತಸ್ತಿನ ಕಟ್ಟಡ ಏಳುವುದನ್ನು ಮಾಥಾಯಿ ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. ನಗರದ ಮಗ್ಗುಲಿನ ಕರೂರ ಕಾಡನ್ನು ಆಳುವವರ ಆಪ್ತರಿಗೆ ಹಂಚುತ್ತಿದ್ದಾಗ, 1999ರ ಜನವರಿ 8ರಂದು, ಅಲ್ಲಿ ಗಿಡ ನೆಡಲು ಹೋದ ಅವರ ತಲೆ ಒಡೆದರು. ಪೊಲೀಸ್ ದೂರಿಗೆ ಅವರು ಸಹಿ ಹಾಕಿದ್ದು ತಮ್ಮದೇ ರಕ್ತದಲ್ಲಿ. ಅದೇ ವರ್ಷ ಅಧ್ಯಕ್ಷ ಮೊಯಿ ಸಾರ್ವಜನಿಕ ಭೂಮಿಯ ಹಂಚಿಕೆಯನ್ನು ನಿಲ್ಲಿಸಿದರು.

2004ರಲ್ಲಿ ನೊಬೆಲ್ ಶಾಂತಿ ಪುರಸ್ಕಾರದ ಸುದ್ದಿ ಬಂದಾಗ ಮಾಥಾಯಿ ನ್ಯೇರಿಯ ದಾರಿಯಲ್ಲಿದ್ದರು. ಅಲ್ಲಿ ತಲುಪಿ ಕೀನ್ಯಾ ಪರ್ವತದೆದುರು ಒಂದು ನಂದಿ ಫ್ಲೇಮ್ ಸಸಿ ನೆಟ್ಟರು. 2011ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡರು. ತಮ್ಮ ಶವಪೆಟ್ಟಿಗೆಗೆ ಮರ ಕಡಿಯಕೂಡದೆಂದು ಮೊದಲೇ ಹೇಳಿದ್ದರಿಂದ, ಬಿದಿರು, ಜೊಂಡು ಮತ್ತು ಅಂತರಗಂಗೆಯ ನಾರಿನಿಂದ ಅದನ್ನು ಹೆಣೆದರು.

ಸುಮಾರು ಸಾವಿರ ಹೆಕ್ಟೇರಿನ ಕರೂರದಲ್ಲಿ ಈಗ ಜನ ನಿರ್ಭಯವಾಗಿ ಓಡಾಡುತ್ತಾರೆ. ಅಲ್ಲಿ ನೀಲಗಿರಿ ತೋಪುಗಳನ್ನು ಹಂತಹಂತವಾಗಿ ತೆರವು ಮಾಡಿ ನಾಡಿನ ಮರಗಳನ್ನೇ ನೆಡುವ ಕೆಲಸ ಸಾಗಿದೆ.