ಬೆರಳು ಕೊಡುವ ಪದ್ಧತಿ

ಯಲಹಂಕ, ದೇವನಹಳ್ಳಿಗಳಿಂದ ಕೋಲಾರದವರೆಗಿನ ಸೀಮೆಯಲ್ಲಿ ಮೊರಸು ಒಕ್ಕಲಿನ ಒಂದು ಶಾಖೆಯ ಹೆಂಗಸರು ಹಿಂದೆ ನಡೆಸುತ್ತಿದ್ದ ಆಚರಣೆ. ಹಿರಿಯ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮುನ್ನ ತಾಯಿ ತನ್ನ ಉಂಗುರ ಬೆರಳು, ಕಿರುಬೆರಳುಗಳ ತುದಿಗೆಣ್ಣನ್ನು ದೇವರಿಗೆ ಒಪ್ಪಿಸಬೇಕಿತ್ತು. ಬಂಡಿ ದೇವರ ಪೂಜೆಯೊಂದಿಗೆ ಇದು ಸೇರಿಕೊಂಡಿತ್ತು. ಊರ ಕಮ್ಮಾರ ಗೊತ್ತಾದ ಕೂಲಿಗೆ ಉಳಿಯಿಟ್ಟು ಕತ್ತರಿಸುತ್ತಿದ್ದ. ಆದರೂ ಈ ಮನೆತನಗಳಿಗೆ ಬಂದ ಹೆಸರು ‘ಬೆರಳು ಕೊಡುವ ಒಕ್ಕಲು’. ಕತ್ತರಿಸುವುದಲ್ಲ, ಕೊಡುವುದು: ಸರಿ ತಪ್ಪಿನ ತೀರ್ಪು ಆ ಕ್ರಿಯಾಪದದಲ್ಲೇ ಆಗಿಹೋಗಿದೆ.

ಆಚರಣೆಗೆ ಆಧಾರವಾಗಿದ್ದದ್ದು ಒಂದು ಕಥೆ. ಯಾರ ತಲೆ ಮುಟ್ಟಿದರೂ ಸುಟ್ಟು ಬೂದಿಯಾಗುವ ವರ ಪಡೆದ ವೃಕಾಸುರ ಶಿವನನ್ನೇ ಅಟ್ಟಿಸಿಕೊಂಡು ಬಂದ. ಶಿವ ಔಡಲ ಗಿಡಗಳ ನಡುವೆ ಅಡಗಿದ. ಹೊಲದಲ್ಲಿದ್ದ ಒಕ್ಕಲಿಗ ‘ನೋಡಿಲ್ಲ’ ಎಂದು ಬಾಯಲ್ಲಿ ಹೇಳಿ, ಹೆದರಿಕೆಗೆ ಕಿರುಬೆರಳಲ್ಲಿ ಜಾಗ ತೋರಿಸಿಬಿಟ್ಟ. ಅಸುರ ಸತ್ತ ಮೇಲೆ ಶಿವ ಆ ಬೆರಳನ್ನು ಕೇಳಿದ. ಬುತ್ತಿ ತಂದಿದ್ದ ಹೆಂಡತಿ ಅಡ್ಡ ಬಂದಳು: ಇವನ ಕೈ ಕೆಟ್ಟರೆ ಉಳುವವರು ಯಾರು? ಒಂದರ ಬದಲು ನನ್ನವೆರಡು ತಗೋ. ಶಿವ ಒಪ್ಪಿದ, ಅವಳ ಸಂತಾನದ ಹೆಣ್ಣುಗಳಿಗೂ ಅದೇ ಕಟ್ಟಳೆಯಾಯಿತು.

ಈ ಕಥೆಯಲ್ಲಿ ನೀತಿಯ ತಳಹದಿ ಒಂದಲ್ಲ, ಮೂರು. ತಪ್ಪಿಗೆ ತಕ್ಕ ದಂಡ, ಮನೆ ನಡೆಯಬೇಕೆಂಬ ಲೆಕ್ಕಾಚಾರ, ದೇವರ ಅಪ್ಪಣೆ. ಒಂದಕ್ಕೊಂದು ಹೊಂದುವುದಿಲ್ಲ. ತಪ್ಪು ಗಂಡಸಿನದು, ದಂಡ ಹೆಂಗಸಿನದು, ಅದೂ ಇಮ್ಮಡಿ. ದೇವರು ಒಪ್ಪಿದ್ದರಿಂದ ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರು ಒಪ್ಪಿದನೋ ಎಂದು ಗ್ರೀಸಿನ ಪ್ಲೇಟೋ ತನ್ನ ‘ಯೂಥಿಫ್ರೊ’ ಸಂವಾದದಲ್ಲಿ ಎತ್ತಿದ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ದೇವರು ಚೌಕಾಸಿಗೆ ಸಿಕ್ಕುವವನು.

ಮೈಯನ್ನೇ ಒಪ್ಪಿಸುವುದು ಪುಣ್ಯವೆಂಬ ಎಣಿಕೆ ಈ ನೆಲಕ್ಕೆ ಹಳೆಯದು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಗಂಗರ ಶ್ರೀಪುರುಷನ ಕಾಲದ (ಸುಮಾರು 750) ವೀರಗಲ್ಲು ಊರಿನ ಮೇಲೆ ಬಿದ್ದವರೊಡನೆ ಕಾದಿ ಸತ್ತ ಕಿತ್ತಯ್ಯನಿಗೆ ಇಂದ್ರಲೋಕವನ್ನು ಕೊಟ್ಟಿದೆ. ಆದರೆ ಕಿತ್ತಯ್ಯ ಒಮ್ಮೆ ಸತ್ತ. ಬೆರಳಿನ ಸಾಲ ತಾಯಿಯಿಂದ ಮಗಳಿಗೆ ಇಳಿಯುತ್ತ ಹೋಯಿತು.

ಈ ಪದ್ಧತಿಯನ್ನು ಮೊದಲು ನಿಷೇಧಿಸಿದ ಕೀರ್ತಿಯನ್ನು ಪರಂಪರೆ ಯಲಹಂಕದ ನಾಡಪ್ರಭು ಹಿರಿಯ ಕೆಂಪೇಗೌಡನಿಗೆ ಸಲ್ಲಿಸುತ್ತದೆ. 1537ರಲ್ಲಿ ಬೆಂಗಳೂರು ಕಟ್ಟಿದ ಈತ ಸ್ವತಃ ಮೊರಸು ಒಕ್ಕಲಿನವನು. ತನ್ನವರ ಹೆಂಗಸರ ಕೈ ನೋಡಿ ಬೆಳೆದವನ ಆಜ್ಞೆ ಎಂಬುದೇ ಇದರ ತೂಕ. ಹೊರಗಿನವರು ‘ಅನಾಗರಿಕ’ ಎಂದು ಷರಾ ಬರೆದದ್ದು ಬಹಳ ಈಚೆಗೆ. ಆದರೂ ಆಜ್ಞೆಯೊಂದರಿಂದಲೇ ಪದ್ಧತಿ ನಿಲ್ಲಲಿಲ್ಲ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಕಂಡ ತನ್ನ ಇತಿಹಾಸಗ್ರಂಥದಲ್ಲಿ, ಸುಮಾರು 2000 ಮನೆಗಳಲ್ಲಿ ಇದಿನ್ನೂ ನಡೆಯುತ್ತಿದೆ ಎಂದು ಬರೆದ.

ಕೊನೆಗೆ ಒಕ್ಕಲಿನವರೇ ಒಂದು ದಾರಿ ಕಂಡುಕೊಂಡರು. ಬೆರಳ ತುದಿಗೆ ಹಿಟ್ಟಿನ ಅಂಟಿನಲ್ಲಿ ಚಿನ್ನದ ಇಲ್ಲವೇ ಬೆಳ್ಳಿಯ ಚೂರು ಅಂಟಿಸಿ, ಅದನ್ನು ಕಿತ್ತು ದೇವರಿಗೆ ಕೊಟ್ಟರೆ ಆಯಿತು. ಶಿವ ಅದಕ್ಕೂ ಒಪ್ಪಿದ.