ಪೇಟೆಯೊಳಗಿನ ಕನ್ನಡ ಚರ್ಚು

ಬೆಂಗಳೂರಿನ ಚರ್ಚು ಎಂದೊಡನೆ ನಮ್ಮ ಮನಸ್ಸು ದಂಡಿನ ಕಡೆಗೆ ಓಡುತ್ತದೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬಿಡಾರ ಹೂಡಿತು, ಸಿಪಾಯಿಗಳಿಗೂ ಅಧಿಕಾರಿಗಳಿಗೂ ಇಂಗ್ಲಿಷು, ತಮಿಳಿನ ಚರ್ಚುಗಳಾದವು, ಊರಿನ ಕನ್ನಡಕ್ಕೂ ಅವಕ್ಕೂ ಸಂಬಂಧವಿಲ್ಲ ಎಂಬುದು ನಮ್ಮಲ್ಲಿ ಬೇರೂರಿದ ತಿಳಿವಳಿಕೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೂ ನಾವು ಇದನ್ನೇ ದಾಟಿಸುತ್ತಿದ್ದೇವೆ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಈ ಮಾತಿಗೆ ಒಗ್ಗುವುದಿಲ್ಲ. ಅದಿರುವುದು ಪೇಟೆಯ ನಡುವೆ. ಪೇಟೆಯೆಂದರೆ ಕೆಂಪೇಗೌಡರು ಕಟ್ಟಿಸಿದ ಹಳೆಯ ಊರು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ ಎಂದು ಕಸುಬಿಗೊಂದು, ಸರಕಿಗೊಂದು ಬೀದಿ. ಅವೆನ್ಯೂ ರಸ್ತೆಯೇ ಹಿಂದಿನ ದೊಡ್ಡಪೇಟೆ. ಅಂಗಡಿ ಮುಚ್ಚಿದ ಭಾನುವಾರ ಅದರ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳು ಮೊಣಕಾಲೆತ್ತರ ಪೇರಿಕೊಳ್ಳುತ್ತವೆ: ಗೈಡುಗಳು, ನಿಘಂಟುಗಳು, ಅಂಚು ಮಡಿಸಿದ ಕಾದಂಬರಿಗಳು. ಪುಸ್ತಕದ ಬೀದಿಯಲ್ಲಿ ಪುಸ್ತಕಗಳ ಮನೆತನವೊಂದರ ಹೆಸರಿನ ಚರ್ಚು ಇರುವುದು ಕಾಕತಾಳೀಯವಾದರೂ ಒಪ್ಪುವಂತಿದೆ.

ಚರ್ಚಿನ ಹೆಸರಿನಲ್ಲಿರುವುದು ಶಾಸನಗಳ ಬಿ. ಎಲ್. ರೈಸ್ ಎಂದು ಬಹಳ ಮಂದಿ ನಂಬಿದ್ದಾರೆ. ಅಲ್ಲ, ಅವರ ತಂದೆ. ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು, ಕನ್ನಡ ಕಲಿತು, ಪೇಟೆಯಲ್ಲಿ ಕನ್ನಡ ಶಾಲೆಗಳನ್ನು ನಡೆಸಿ, 1887ರಲ್ಲಿ ಇಲ್ಲೇ ತೀರಿಕೊಂಡರು. ಐವತ್ತು ವರ್ಷ! ಹೆಣ್ಣುಮಕ್ಕಳನ್ನು ಓದಲು ಕಳಿಸುವ ರೂಢಿಯೇ ಇಲ್ಲದ ಕಾಲದಲ್ಲಿ ಅವರ ಮಡದಿ ಕನ್ನಡ ಹೆಣ್ಣುಮಕ್ಕಳ ಶಾಲೆ ತೆರೆದರು. ಇನ್ನು ಮಗನ ವಿಷಯ ಬಂದರೆ ಲೇಖನಿ ನಿಲ್ಲುವುದಿಲ್ಲ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸೀಮೆಯ ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಹೊರತಂದರು. ಪಂಪನ ಭಾರತವನ್ನು, ನಾಗವರ್ಮನ ‘ಕರ್ನಾಟಕ ಭಾಷಾಭೂಷಣ’ವನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟರು. ಇನ್ನೊಬ್ಬ ಮಗ ಇ. ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಒಂದೇ ಮನೆಯಿಂದ ಕನ್ನಡಕ್ಕೆ ಇಷ್ಟು ಸಂದಿತು ಎಂದರೆ ಅಭಿಮಾನದ ಮಾತಾಗಬಹುದು, ಉತ್ಪ್ರೇಕ್ಷೆಯಲ್ಲ.

ಇದಕ್ಕೆ ಎದುರುಮಾತು ಇದೆ. ಮಿಷನರಿಗಳು ಕನ್ನಡ ಕಲಿತದ್ದು ಕನ್ನಡದ ಮೇಲಿನ ಮೋಹದಿಂದಲ್ಲ, ಮತಪ್ರಚಾರಕ್ಕಾಗಿ. ಹಾಗಿರುವಾಗ ಅವರ ಚರ್ಚನ್ನು ಕನ್ನಡದ ಚರಿತ್ರೆಗೆ ಸೇರಿಸುವುದೇಕೆ? ಉದ್ದೇಶದ ಮಾತು ನಿಜ, ಅವರೂ ಅದನ್ನು ಮುಚ್ಚಿಡಲಿಲ್ಲ. ಆದರೆ ಉದ್ದೇಶವೊಂದರಿಂದಲೇ ಫಲವನ್ನು ಅಳೆಯಲಾಗದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಸತ್ಯವೇದವನ್ನು ಕನ್ನಡಿಸಿದ್ದೂ, ವಿಲಿಯಂ ರೀವ್ ನಿಘಂಟು ಕಟ್ಟಿದ್ದೂ ಅದೇ ಲಂಡನ್ ಮಿಷನ್ನಿನ ಕೆಲಸ. ರೀವ್ ನಿಘಂಟನ್ನು ತಿರುವಿದವರೆಲ್ಲ ಮತಾಂತರಗೊಂಡರೇ? ಇಲ್ಲಿ ಮತ್ತೊಂದು ಸಂಗತಿ ಮರೆಯಾಗಿಬಿಡುತ್ತದೆ. ಚರ್ಚು ಉಳಿದದ್ದು ಮಿಷನರಿಗಳಿಂದಲ್ಲ, ಅಲ್ಲಿ ಪ್ರಾರ್ಥಿಸಿದ ಕನ್ನಡ ಕ್ರೈಸ್ತರಿಂದ. ಅವರು ಯಾವ ದಂಡಿನ ಜೊತೆಗೂ ಬಂದವರಲ್ಲ. ಅವರ ಮನೆಮಾತು ಕನ್ನಡ, ಹಾಡೂ ಕನ್ನಡ. ರೈಸ್ ಮನೆತನವನ್ನು ಹೊಗಳುವ ಭರದಲ್ಲಿ ಇವರನ್ನು ಬಿಟ್ಟರೆ ಇತಿಹಾಸ ಅರೆಬರೆಯಾದೀತು.

ಕಟ್ಟಡ ಮಾತ್ರ ಪರದೇಶಿ ಅಲ್ಲವೇ ಎನ್ನುವವರಿದ್ದಾರೆ. ಹೌದು, 1910ರ ದಶಕದಲ್ಲಿ ಹಳೆಯ ಪ್ರಾರ್ಥನಾಮಂದಿರವನ್ನು ಕೆಡವಿ ಎಬ್ಬಿಸಿದ ಈಗಿನ ಕಟ್ಟಡ ಪಾಶ್ಚಾತ್ಯ ಮಾದರಿಯದೇ. ಹಾಗೆಂದರೆ ಪಾಶ್ಚಾತ್ಯ ಮಾದರಿಯಲ್ಲೇ ಕಟ್ಟಿದ, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನೂ ಪರರ ಪಾಲಿಗೆ ಬಿಡಬೇಕಾದೀತು. ಅನ್ಯದೇಶದಲ್ಲಿ ಚರ್ಚಿನ ಸಭಾಂಗಣವನ್ನು ಬಾಡಿಗೆಗೆ ಹಿಡಿದು ರಾಜ್ಯೋತ್ಸವ ನಡೆಸುವ ನಮಗೆ, ಕಂಬ ಯಾರ ಶೈಲಿಯದಾದರೂ ಒಳಗಿನ ಮಾತು ಯಾರದು ಎಂಬುದೇ ಮುಖ್ಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆಯಾದಾಗ ಈ ಚರ್ಚೂ ಅದಕ್ಕೆ ಸೇರಿತು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಚಿಕ್ಕಪೇಟೆಯ ಸೀರೆ ವ್ಯಾಪಾರ ಮುಗಿದ ಮೇಲೆ, ಮಕ್ಕಳನ್ನು ಆ ಗೇಟಿನವರೆಗೆ ಒಮ್ಮೆ ನಡೆಸಿಕೊಂಡು ಹೋಗಿ.