ಬೀಗ ಜಡಿದ ಊರಿನಲ್ಲಿ ಆಕೆಯ ಹೆಸರಿನ ಬೀದಿ

ಹೊಸ ಮನೆಗೆ ಸಾಮಾನು ಸಾಗಿಸುವುದೆಂದರೆ ಯಾವ ಸಂಸಾರಕ್ಕಾದರೂ ಸಡಗರ. ಆದರೆ ಅಮೆರಿಕದ ಬರ್ಕ್ಲಿ ಪಟ್ಟಣದಲ್ಲಿ ಮನೆ ಕೊಂಡಿದ್ದ ವೈಷ್ಣೋ ದಾಸ್ ಬಗಾಯಿ ಮತ್ತು ಕಲಾ ಬಗಾಯಿ ಮಕ್ಕಳೊಂದಿಗೆ ಅಲ್ಲಿಗೆ ಹೋದಾಗ ಕಂಡದ್ದು ಬೀಗ. ಭಾರತೀಯರು ನೆರೆಗೆ ಬರಬಾರದೆಂದು ಅಕ್ಕಪಕ್ಕದವರೇ ಅದನ್ನು ಜಡಿದಿದ್ದರು. ಇಂಥ ಕಡೆ ಮಕ್ಕಳಿಗೆ ಅಪಾಯವಾದೀತು, ಈ ಮನೆಯೇ ಬೇಡ ಎಂದರು ಕಲಾ. ಸಂಸಾರ ಬಂದ ದಾರಿಯಲ್ಲೇ ಹಿಂದಿರುಗಿತು.

ವೈಷ್ಣೋ ದಾಸ್ ಪೆಶಾವರದವರು. ಬ್ರಿಟಿಷರ ಆಳ್ವಿಕೆಯಲ್ಲಿ ಬದುಕಲೊಲ್ಲದೆ 1915ರ ಸೆಪ್ಟೆಂಬರ್‌ನಲ್ಲಿ ಹೆಂಡತಿ ಹಾಗೂ ಮೂವರು ಎಳೆಯ ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಡಗಿನಿಂದ ಇಳಿದರು. ವಲಸೆ ಬಂದವರನ್ನು ವಿಚಾರಣೆಗೆ ಇರಿಸುತ್ತಿದ್ದ ಏಂಜೆಲ್ ದ್ವೀಪದಲ್ಲಿ ಕೆಲವು ದಿನ ಕಾಯಬೇಕಾಯಿತು. ಕೈಯಲ್ಲಿ 25,000 ಡಾಲರ್ ಇದ್ದುದರಿಂದ ಹಣದ ಚಿಂತೆ ಇರಲಿಲ್ಲ. ಆದರೆ ಕಲಾ ಅವರಿಗೆ ಇಂಗ್ಲಿಷ್ ಬಾರದು. ಅವರ ಮೂಗಿನ ವಜ್ರದ ಆಭರಣವೇ ಅಲ್ಲಿನ ಪತ್ರಿಕೆಗೆ ದೊಡ್ಡ ಸುದ್ದಿಯಾಯಿತು.

ವೈಷ್ಣೋ ದಾಸ್ ಅಂಗಡಿ ತೆರೆದರು. 1921ರಲ್ಲಿ ಅಮೆರಿಕದ ಪೌರತ್ವವೂ ದೊರೆಯಿತು. ಇನ್ನು ನೆಲೆ ನಿಂತಂತೆಯೇ ಎನ್ನುವಷ್ಟರಲ್ಲಿ 1923ರ ತೀರ್ಪು ಬಂತು. ಅಂದಿನ ಕಾನೂನಿನಂತೆ ಹೊರಗಿನಿಂದ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರಷ್ಟೇ ಪೌರರಾಗಬಹುದಿತ್ತು. ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಜನಸಾಮಾನ್ಯರ ತಿಳಿವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲ ಎಂದಿತು. ಅದಾಗಲೇ ಪೌರರಾಗಿದ್ದವರ ಹಕ್ಕನ್ನೂ ಸರ್ಕಾರ ಕಿತ್ತುಕೊಳ್ಳತೊಡಗಿತು.

ಬಗಾಯಿ ಕುಟುಂಬವೂ ಇದಕ್ಕೆ ಹೊರತಾಗಲಿಲ್ಲ. ಪೌರರಾಗಲು ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಭೂಮಿಯ ಒಡೆಯರಾಗುವಂತಿರಲಿಲ್ಲ, ಆಸ್ತಿ ಕೈಬಿಟ್ಟಿತು. ಭಾರತಕ್ಕೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಪಡೆಯಲು ಅವರ ಮನಸ್ಸು ಒಪ್ಪಲಿಲ್ಲ. ಅತ್ತ ತವರಿಲ್ಲ, ಇತ್ತ ನೆಲೆಯಿಲ್ಲ. 1928ರಲ್ಲಿ ವೈಷ್ಣೋ ದಾಸ್ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಈ ಅನ್ಯಾಯವನ್ನೆಲ್ಲ ವಿವರಿಸಿ ಅವರು ಬರೆದಿಟ್ಟ ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು.

ಕಲಾ ಊರಿಗೆ ಮರಳಲಿಲ್ಲ. ಬೇರೆ ಭಾಷೆಯ ನಾಡಿನಲ್ಲಿ ಮೂವರು ಮಕ್ಕಳನ್ನೂ ಕಾಲೇಜಿನವರೆಗೆ ಓದಿಸಿದರು. ಮುಂದೆ ಮಹೇಶ್ ಚಂದ್ರ ಎಂಬವರನ್ನು ಮದುವೆಯಾದರು. 1946ರಲ್ಲಿ ಕಾನೂನು ಬದಲಾಗಿ ಭಾರತೀಯರಿಗೆ ಪೌರತ್ವದ ದಾರಿ ತೆರೆದ ಮೇಲೆ ಅವರೂ ಅಮೆರಿಕದ ಪ್ರಜೆಯಾದರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಬಂದಿಳಿದ ಭಾರತೀಯರಿಗೆ ಅವರ ಮನೆಯ ಬಾಗಿಲು ಸದಾ ತೆರೆದಿತ್ತು. 1983ರಲ್ಲಿ ಅವರು ತೀರಿಕೊಂಡರು.

ಪರದೇಶದಲ್ಲಿ ಬೇರೂರಲು ದುಡ್ಡು, ದುಡಿಮೆ ಎರಡೇ ಸಾಲವು. ನೆರೆಯವರ ಮನಸ್ಸೂ ನಾಡಿನ ಕಾನೂನೂ ಒಪ್ಪಬೇಕು ಎಂಬುದಕ್ಕೆ ಈ ಸಂಸಾರದ ಕಥೆಯೇ ಸಾಕ್ಷಿ. ಬರ್ಕ್ಲಿ ಆ ಒಪ್ಪಿಗೆ ನೀಡಲು ನೂರು ವರ್ಷವೇ ಹಿಡಿಯಿತು. 2021ರಲ್ಲಿ ಅಲ್ಲಿನ ಪೇಟೆಯ ಬೀದಿಯೊಂದಕ್ಕೆ ‘ಕಲಾ ಬಗಾಯಿ ವೇ’ ಎಂಬ ಹೆಸರು ಬಂತು. ಅಂದು ಬೀಗ ಕಂಡು ಹಿಂದಿರುಗಿದ ತಾಯಿಯ ಹೆಸರು ಇಂದು ಆ ಊರಿನ ವಿಳಾಸಗಳಲ್ಲಿದೆ.